ಸಾಲ ತೀರಿದ ಮೇಲೂ ಸಿಬಿಲ್ ಸರಿಯಿಲ್ಲವೇಕೆ?

ಪ್ರಶ್ನೆ: ಬೈಕ್ ಸಾಲದ ಕೊನೆಯ ಕಂತು ಕಟ್ಟಿ ಎರಡು ವರ್ಷವಾಯಿತು. ಈಗ ಮನೆ ಸಾಲ ಕೇಳಿದರೆ ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎನ್ನುತ್ತಾರೆ. ವರದಿ ತೆಗೆದು ನೋಡಿದೆ, ಅಂಕ ಬಿಟ್ಟರೆ ಏನೂ ತಿಳಿಯಲಿಲ್ಲ. ಅದರಲ್ಲಿ ನೋಡಬೇಕಾದದ್ದು ಏನು?

ಉತ್ತರ: ಅಂಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. 300ರಿಂದ 900ರ ನಡುವಿನ ಆ ಸಂಖ್ಯೆ ಹುಟ್ಟುವುದು ಒಳಗಿನ ಪುಟಗಳಲ್ಲಿರುವ ವಿವರಗಳಿಂದ. ತಪ್ಪಿದ್ದರೆ ಅಲ್ಲಿಯೇ ಇರುತ್ತದೆ, ತಿದ್ದಿಸಬೇಕಾದದ್ದೂ ಅಲ್ಲಿಯೇ.

ಮೊದಲು ನಿಮ್ಮ ಕೈಯಲ್ಲಿರುವುದು ಪೂರ್ಣ ವರದಿಯೇ ಎಂದು ನೋಡಿಕೊಳ್ಳಿ. ಸಿಬಿಲ್ ಎಂಬುದು ಜನರ ಸಾಲ, ಮರುಪಾವತಿಗಳ ದಾಖಲೆ ಇಟ್ಟು ವರದಿ ಕೊಡುವ ಒಂದು ಸಂಸ್ಥೆಯ ಹೆಸರು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಸಂಸ್ಥೆಗಳೂ ಇದೇ ಕೆಲಸ ಮಾಡುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಖಂಡಿತ ಆಗುವುದಿಲ್ಲ.

ಈಗ ನಿಮ್ಮ ಬೈಕ್ ಸಾಲದ ಖಾತೆಯನ್ನು ಹುಡುಕಿ. ಅಲ್ಲಿ ಮುಕ್ತಾಯದ ದಿನಾಂಕ ಇರಬೇಕು, ಉಳಿದ ಬಾಕಿ ಸೊನ್ನೆ ಇರಬೇಕು. ದಿನಾಂಕದ ಜಾಗ ಖಾಲಿಯಿದ್ದರೆ ಆ ಸಾಲ ಕಡತದಲ್ಲಿ ಇನ್ನೂ ನಡೆಯುತ್ತಿದೆ ಎಂದೇ ಅರ್ಥ. ಕಂತುಗಳೆಲ್ಲ ತೀರಿದರೂ ಯಾವುದೋ ತಿಂಗಳ ಚೆಕ್ ಬೌನ್ಸ್ ಶುಲ್ಕವೋ ದಂಡವೋ ಉಳಿದು ಖಾತೆ ಮುಚ್ಚದೇ ಹೋಗುವುದುಂಟು.

ನನಗೂ ಹೀಗೆಯೇ ಆಗಿತ್ತು. ಬಳಕೆ ನಿಲ್ಲಿಸಿ, ಕತ್ತರಿಸಿ ಎಸೆದಿದ್ದ ಒಂದು ಕ್ರೆಡಿಟ್ ಕಾರ್ಡ್ ವರದಿಯಲ್ಲಿ ಜೀವಂತವಾಗಿತ್ತು. ಬಾಕಿ 590 ರೂಪಾಯಿ, ವಾರ್ಷಿಕ ಶುಲ್ಕದ್ದು. ಅದರ ಕೆಳಗೆ ತಿಂಗಳಿಗೊಂದರಂತೆ ಚಿಕ್ಕ ಚಿಕ್ಕ ಚೌಕಗಳು: 000, 000, ಆಮೇಲೆ 030, 061, 091. ಕಟ್ಟಬೇಕಾದ ದಿನದಿಂದ ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ ಅದು. ಸಿಬಿಲ್ ವರದಿಯಲ್ಲಿ ಹೀಗೆ 36 ತಿಂಗಳವರೆಗಿನ ಚರಿತ್ರೆ ಕಾಣುತ್ತದೆ. 000 ಅಥವಾ ಎಸ್‌ಟಿಡಿ ಎಂದಿದ್ದರೆ ಚಿಂತೆಯಿಲ್ಲ. ಎಕ್ಸ್‌ಎಕ್ಸ್‌ಎಕ್ಸ್ ಎಂದಿದ್ದರೆ ಆ ತಿಂಗಳ ಮಾಹಿತಿಯನ್ನು ಸಾಲ ಕೊಟ್ಟವರು ಕಳುಹಿಸಿಲ್ಲ, ಅಷ್ಟೇ. ಎಸ್‌ಎಂಎ, ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಎಂಬ ಅಕ್ಷರಗಳು ಕಂಡರೆ ಸಾಲ ಹದಗೆಟ್ಟಿದೆ ಎಂದು ಬ್ಯಾಂಕ್ ಗುರುತು ಹಾಕಿದೆ ಎಂದರ್ಥ.

ಇನ್ನೊಂದು ಪದದ ಬಗ್ಗೆ ಒತ್ತಿ ಹೇಳಬೇಕು: ‘ಸೆಟಲ್ಡ್’. ‘ಇಷ್ಟು ಕಟ್ಟಿಬಿಡಿ, ಉಳಿದದ್ದು ಬಿಡುತ್ತೇವೆ’ ಎಂದು ವಸೂಲಿಯವರು ಫೋನಿನಲ್ಲಿ ಹೇಳಿದಾಗ ಜನ ಸಾಲ ತೀರಿತೆಂದು ನೆಮ್ಮದಿಯ ಉಸಿರು ಬಿಡುತ್ತಾರೆ. ಆದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ ಸಾಲ ಎಂದೇ ವರದಿಯಲ್ಲಿ ದಾಖಲಾಗುತ್ತದೆ, ಮುಂದೆ ಸಾಲ ಕೊಡುವವರು ಅದನ್ನು ನೋಡಿ ಹಿಂಜರಿಯುತ್ತಾರೆ. ಇದನ್ನು ಫೋನಿನಲ್ಲೇ ಸ್ಪಷ್ಟವಾಗಿ ಹೇಳದಿರುವುದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ನಿಮ್ಮದು ಹಾಗೆ ಮುಗಿದಿದ್ದರೆ, ಉಳಿದ ಮೊತ್ತ ಕಟ್ಟಿದರೆ ‘ಕ್ಲೋಸ್ಡ್’ ಎಂದು ಬದಲಾಯಿಸುವಿರಾ ಎಂದು ಸಾಲ ಕೊಟ್ಟವರನ್ನು ಲಿಖಿತವಾಗಿ ಕೇಳಿ.

ಖಾತೆಗಳ ಪಟ್ಟಿಯಲ್ಲಿ ಪರಿಚಯವಿಲ್ಲದ ಸಾಲವೇನಾದರೂ ಇದೆಯೇ? ಗಾಬರಿಯಾಗುವ ಮೊದಲು ಮಾಲೀಕತ್ವದ ಕಾಲಂ ನೋಡಿ. ಅಲ್ಲಿ ‘ಗ್ಯಾರಂಟರ್’ ಎಂದಿದ್ದರೆ ನೀವು ಎಂದೋ ಭಾವನಿಗೋ ಗೆಳೆಯನಿಗೋ ಹಾಕಿದ ಜಾಮೀನು ಅದು. ಅವರು ಕಂತು ತಪ್ಪಿಸಿದರೆ ಬಿಸಿ ತಟ್ಟುವುದು ನಿಮಗೂ. ಜಾಮೀನೂ ಅಲ್ಲ, ಜಂಟಿ ಸಾಲವೂ ಅಲ್ಲ ಎಂದಾದರೆ ಬೇರೆಯವರ ಸಾಲ ನಿಮ್ಮ ಹೆಸರಿಗೆ ಬೆರೆತಿರಬಹುದು, ಅಥವಾ ನಿಮ್ಮ ಪಾನ್ ಬಳಸಿ ಯಾರೋ ಸಾಲ ಪಡೆದಿರಬಹುದು. ಹೆಸರು, ಹುಟ್ಟಿದ ದಿನಾಂಕ, ಪಾನ್, ವಿಳಾಸಗಳನ್ನು ಅಕ್ಷರ ಬಿಡದೆ ನೋಡಬೇಕಾದದ್ದು ಇದಕ್ಕಾಗಿಯೇ. ಕೊನೆಯಲ್ಲಿ ‘ಎನ್‌ಕ್ವೈರಿ’ ಪಟ್ಟಿ ಇರುತ್ತದೆ. ಸಾಲದ ಅರ್ಜಿಗಾಗಿ ನಿಮ್ಮ ವರದಿಯನ್ನು ಯಾರು, ಯಾವಾಗ ತೆರೆದರು ಎಂಬುದು ಅಲ್ಲಿದೆ. ನೀವು ಹೋಗದ ಕಂಪನಿಯ ಹೆಸರಿದ್ದರೆ ಬಿಡಬೇಡಿ.

ತಪ್ಪು ಸಿಕ್ಕಿತೆನ್ನಿ. ಸಾಲ ಕೊಟ್ಟವರಿಂದ ಸಾಲ ಮುಗಿದ ಪತ್ರ, ಅಂದರೆ ಎನ್‌ಒಸಿ ಪಡೆಯಿರಿ. ಅದರೊಂದಿಗೆ ಅವರಿಗೂ ವರದಿ ಕೊಟ್ಟ ಸಂಸ್ಥೆಗೂ ದೂರು ಕೊಡಿ. ಸಿಬಿಲ್ ತಾನಾಗಿಯೇ ಏನನ್ನೂ ತಿದ್ದುವಂತಿಲ್ಲ, ಸಾಲ ಕೊಟ್ಟವರು ಒಪ್ಪಬೇಕು. ಇದಕ್ಕೆ 30 ದಿನಗಳ ಗಡುವಿದೆ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಗಡುವು ಮೀರಿದ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಪರಿಹಾರ ಸಲ್ಲಬೇಕು. ಆಗಲೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

‘ಸಿಬಿಲ್ ಸರಿ ಮಾಡಿಸಿಕೊಡುತ್ತೇವೆ’ ಎಂದು ಹಣ ಕೇಳುವವರ ಕೈಗೆ ಪಾನ್, ಒಟಿಪಿ ಕೊಡಬೇಡಿ. ವರದಿಯ ಇಂಗ್ಲಿಷ್ ಕಷ್ಟವೆನಿಸಿದರೆ ಮನೆಯಲ್ಲಿ ಓದುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ತಿದ್ದುಪಡಿ ಹೊಸ ವರದಿಯಲ್ಲಿ ಕಾಣುವವರೆಗೆ ಇನ್ನೊಂದು ಬ್ಯಾಂಕಿಗೆ ಮನೆ ಸಾಲದ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಎನ್‌ಕ್ವೈರಿ ಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರುತ್ತದೆ.