ಊರಿನವರ ಮಾತಿಗೆ ಇವರ ಸಂಸಾರ ತಡೆಯುತ್ತಾ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಮಗಳು ಅಲ್ಲಿನ ಕಪ್ಪು ಹುಡುಗನನ್ನು ಮದುವೆಯಾಗಬೇಕು ಅಂತಿದ್ದಾಳೆ. ಹುಡುಗ ಒಳ್ಳೆಯವನು. ಆದರೆ ನೆಂಟರ ಮಾತು, ಹೊರಗಿನವರ ನೋಟ ತಡೆದುಕೊಂಡು ಇಂಥ ಜೋಡಿಗಳು ಹೇಗೆ ಬಾಳುತ್ತವೆ?

ಉತ್ತರ: ಇದೇ ಭಯ ತುಂಬಾ ಅಪ್ಪ ಅಮ್ಮಂದಿರಿಗಿದೆ. ಅವರಿಗೆಲ್ಲ ನಾನು ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ಸಂಸಾರದ ಕಥೆ ಹೇಳುತ್ತೇನೆ.

ರಿಚರ್ಡ್ ಲವಿಂಗ್ ಬಿಳಿಯರು, ಗಾರೆ ಕೆಲಸದವರು. ಮಿಲ್ಡ್ರೆಡ್ ಕಪ್ಪು ಮತ್ತು ಮೂಲನಿವಾಸಿ ಮನೆತನದವರು. ಅವರ ರಾಜ್ಯದಲ್ಲಿ ಆಗ ಇಂಥ ಮದುವೆ ಅಪರಾಧ. ಅದಕ್ಕೇ 1958ರ ಜೂನ್‌ನಲ್ಲಿ ರಾಜಧಾನಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದರು. ಜುಲೈನ ಒಂದು ರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿದರು. ಗೋಡೆ ಮೇಲಿದ್ದ ಮದುವೆ ಸರ್ಟಿಫಿಕೇಟ್ ತೋರಿಸಿದರೆ, ಅದು ಇಲ್ಲಿ ನಡೆಯಲ್ಲ ಅಂದರು. ಜೈಲು ತಪ್ಪಬೇಕಾದರೆ 25 ವರ್ಷ ಇಬ್ಬರೂ ಒಟ್ಟಿಗೆ ರಾಜ್ಯಕ್ಕೆ ಕಾಲಿಡಬಾರದು ಅಂತ ತೀರ್ಪಾಯಿತು.

ಇದಕ್ಕಿಂತ ಜಾಸ್ತಿ ಒತ್ತಡ ಇನ್ನೇನಿದೆ? ಆದರೂ ಅವರು ಬೇರೆಯಾಗಲಿಲ್ಲ. ವಾಷಿಂಗ್ಟನ್‌ನಲ್ಲಿ ಮಿಲ್ಡ್ರೆಡ್ ಅವರ ನೆಂಟರು ಮನೆಯಲ್ಲಿ ಜಾಗ ಕೊಟ್ಟರು. ನನಗೆ ಈ ಕಥೆಯಲ್ಲಿ ಕೋರ್ಟಿಗಿಂತ ದೊಡ್ಡದಾಗಿ ಕಾಣುವುದು ಆ ಮನೆ. 1963ರಲ್ಲಿ ಮಿಲ್ಡ್ರೆಡ್ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರಿಗೆ ಪತ್ರ ಬರೆದರು. ಅದರಿಂದ ವಕೀಲರು ಸಿಕ್ಕರು. ಕೋರ್ಟಿಗೆ ಏನು ಹೇಳಲಿ ಅಂತ ವಕೀಲರು ಕೇಳಿದಾಗ, ನನ್ನ ಹೆಂಡತಿ ಎಂದರೆ ನನಗೆ ಪ್ರೀತಿ, ಅವಳ ಜೊತೆ ವರ್ಜೀನಿಯಾದಲ್ಲಿ ಬಾಳಲು ಬಿಡದಿರುವುದು ಅನ್ಯಾಯ ಅಂತ ಹೇಳಿ ಅಂದರು ರಿಚರ್ಡ್. 1967ರ ಜೂನ್ 12ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು. ಅಲ್ಲಿಯವರೆಗೂ 16 ರಾಜ್ಯಗಳಲ್ಲಿ ಇಂಥ ಕಾನೂನಿತ್ತು.

ನಿಮ್ಮ ಮಗಳಿಗೆ ಇವತ್ತು ಕಾನೂನಿನ ಅಡ್ಡಿಯಿಲ್ಲ. ಆದರೆ ಇಬ್ಬರ ಭಯ ಬೇರೆ ಬೇರೆ. ರಸ್ತೆಯಲ್ಲಿ ಪೊಲೀಸರು ಕಾರು ನಿಲ್ಲಿಸಿದರೆ ಅವನ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಅಂತ ಅವಳಿಗೆ ತಿಳಿದಿರಲಿಕ್ಕಿಲ್ಲ. ಚಿಕ್ಕಮ್ಮನ ಒಂದು ಮಾತಿಗೆ ಅವಳು ಯಾಕೆ ಅಳುತ್ತಾಳೆ ಅಂತ ಅವನಿಗೂ ತಿಳಿಯಲಿಕ್ಕಿಲ್ಲ. ಮದುವೆಗೆ ಮುಂಚೆಯೇ ಇದನ್ನು ಬಿಡಿಸಿ ಮಾತಾಡಲಿ. ಯಾರ ಕಡೆಯವರು ಚುಚ್ಚುತ್ತಾರೋ ಅವರಿಗೆ ಆ ಕಡೆಯವರೇ ಉತ್ತರ ಕೊಡಲಿ. ನಮ್ಮ ಕಡೆ ಹುಡುಗನ ಬಣ್ಣದ ಮಾತು ಬಂದೇ ಬರುತ್ತದೆ, ಅಲ್ವಾ? ಆಗ ಸುಮ್ನೆ ಕೂರಬೇಡಿ, ಅಲ್ಲೇ ತಡೆಯಿರಿ. ಮದುವೆ ಸುದ್ದಿಯನ್ನೂ ಬೇರೆಯವರ ಬಾಯಿಂದ ಹರಡಲು ಬಿಡದೆ, ನೀವೇ ಮೊದಲು ಒಬ್ಬೊಬ್ಬರಿಗೂ ಫೋನ್ ಮಾಡಿ ಖುಷಿಯಿಂದ ಹೇಳಿ.