ವಯಸ್ಸಾದೋರ ದೂರು ಕೇಳೋಕೆ ಬೆಂಗಳೂರಲ್ಲಿ ಯಾರಿದಾರೆ? 1090ರಿಂದ ಎಸಿ ಕೋರ್ಟ್‌ವರೆಗಿನ ಕಥೆ

ಬೆಂಗಳೂರನ್ನ ಒಂದು ಕಾಲದಲ್ಲಿ ಪಿಂಚಣಿದಾರರ ಸ್ವರ್ಗ ಅಂತಿದ್ರು. ಆದ್ರೆ ಆ ಪಿಂಚಣಿದಾರರಿಗೆ ಅವರ ಮನೆಯೊಳಗೇ ತೊಂದರೆ ಶುರುವಾದ್ರೆ ಯಾರ ಹತ್ರ ಹೋಗಿ ಹೇಳ್ಕೋಬೇಕು ಅನ್ನೋದಕ್ಕೆ ಈ ಊರಲ್ಲಿ ಬಹಳ ವರ್ಷ ಉತ್ತರಾನೇ ಇರ್ಲಿಲ್ಲ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಅಂತ ಜೀವನ ಪೂರ್ತಿ ದುಡಿದು, ರಿಟೈರ್ ಆದಾಗ ಬಂದ ದುಡ್ಡೆಲ್ಲ ಸುರಿದು ಒಂದು 30-40 ಸೈಟಲ್ಲಿ ಮನೆ ಕಟ್ಟಿದ ತಲೆಮಾರು ಅದು. ಆಮೇಲೆ ಐಟಿ ಕಂಪನಿಗಳು ಬಂದ್ವು, ಅದೇ ಸೈಟಿನ ಬೆಲೆ ಯಾರೂ ಅಂದ್ಕೊಳ್ದಷ್ಟು ಏರ್ತು, ಮಕ್ಕಳಲ್ಲಿ ಕೆಲವರು ಅಮೆರಿಕಕ್ಕೆ ಹೋದ್ರು, ಇಲ್ಲೇ ಉಳಿದೋರಲ್ಲಿ ಕೆಲವರ ಕಣ್ಣು ಮನೆ ಮೇಲೆ ಬಿತ್ತು.

ಕಾನೂನು ಏನೂ ಇರ್ಲಿಲ್ಲ ಅಂತಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲೂ, 1973ರ ಸಿಆರ್‌ಪಿಸಿ 125ನೇ ಸೆಕ್ಷನ್ನಲ್ಲೂ ಅಪ್ಪ ಅಮ್ಮನ್ನ ನೋಡ್ಕೊಳ್ಳೋ ಹೊಣೆ ಮಕ್ಕಳದು ಅಂತ ಇತ್ತು. ಆದ್ರೆ ಅದಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕು, ಲಾಯರ್ ಫೀಸ್ ಕೊಡಬೇಕು, ಇಷ್ಟೆಲ್ಲ ಮಾಡಿದ್ರೂ 125ರ ಮೂಲ ಕಾನೂನಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿ ಅಂತ ಮಿತಿ ಇತ್ತು, ಅದನ್ನ ತೆಗೆದಿದ್ದೇ 2001ರಲ್ಲಿ. 75 ವರ್ಷದ ಅಜ್ಜಿ ಹೆತ್ತ ಮಗನ ಮೇಲೇ ಕೇಸ್ ಹಾಕಿ ವರ್ಷಗಟ್ಟಲೆ ಅಲೆಯೋದು ಆಗೋ ಮಾತಾ?

1999ರಲ್ಲಿ ಕೇಂದ್ರ ಸರ್ಕಾರ ಹಿರಿಯರಿಗೆ ಅಂತ ರಾಷ್ಟ್ರೀಯ ನೀತಿ ತಂತು, ಅದು ವಿಶ್ವಸಂಸ್ಥೆ ಘೋಷಿಸಿದ ಹಿರಿಯರ ವರ್ಷಾನೂ ಹೌದು. ನೀತಿ ಕಾಗದದಲ್ಲಿ ಚೆನ್ನಾಗೇ ಇತ್ತು, ಆದ್ರೆ ಜನರಿಗೆ ನಿಜವಾಗಿ ಕೈಗೆ ಸಿಕ್ಕಿದ್ದು 2002ರಲ್ಲಿ ಬೆಂಗಳೂರಲ್ಲಿ ಶುರುವಾದ ಹಿರಿಯರ ಸಹಾಯವಾಣಿ, 1090. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ಮಾಡಿದ್ದು ಇದು, ಜಾಗ ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಆಫೀಸಲ್ಲೇ. ನನ್ನ ಪ್ರಕಾರ ಈ ಊರಲ್ಲಿ ವಯಸ್ಸಾದೋರಿಗಾಗಿ ಆದ ಕೆಲಸಗಳಲ್ಲಿ ಇದೇ ದೊಡ್ಡದು, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮನೆ ಜಗಳ ಅಂತ ಸ್ಟೇಷನ್‌ಗೆ ಹೋದ್ರೆ ಪೊಲೀಸರು ಸಾಮಾನ್ಯವಾಗಿ ಹೇಳೋದು ಒಂದೇ, ಇದು ನಿಮ್ಮ ಫ್ಯಾಮಿಲಿ ಮ್ಯಾಟರ್, ಸಿವಿಲ್ ವಿಷಯ, ನೀವೇ ಕೂತು ಮಾತಾಡ್ಕೊಳ್ಳಿ ಅಂತ. ಬರೀ ಸಂಘ ಸಂಸ್ಥೆಯವರು ಫೋನ್ ಮಾಡಿ ಕರೆದ್ರೆ ಮಗ ಬರೋದೇ ಇಲ್ಲ. 1090ರಲ್ಲಿ ಇವೆರಡನ್ನೂ ಜೋಡಿಸಿದ್ರು. ಫೋನ್ ಎತ್ತೋದು, ಸಮಾಧಾನವಾಗಿ ಕೇಳೋದು, ಅಪ್ಪ ಮಗ ಸೊಸೆ ಎಲ್ರನ್ನೂ ಎದುರು ಬದುರು ಕೂರಿಸಿ ಮಾತಾಡೋದು ಟ್ರಸ್ಟಿನ ಕೌನ್ಸೆಲರ್‌ಗಳು, ಆದ್ರೆ ಕರೆ ಬರೋದು ಕಮಿಷನರ್ ಆಫೀಸಿಂದ. ಆ ವಿಳಾಸ ಕೇಳಿದ ಮೇಲೆ ಮಗ ಬಂದೇ ಬರ್ತಾನೆ. ಎಫ್‌ಐಆರ್ ಆಗೋದು ಎಷ್ಟೋ ಅಪ್ಪ ಅಮ್ಮಂದಿರಿಗೆ ಬೇಕಾಗೂ ಇರಲ್ಲ, ಮಗ ಜೈಲಿಗೆ ಹೋಗ್ಲಿ ಅಂತ ಯಾವ ತಾಯಿ ಬಯಸ್ತಾಳೆ, ಹೊತ್ತಿಗೆ ಸರಿಯಾಗಿ ಊಟ ಹಾಕ್ಲಿ, ಬೈಬೇಡ ಅಂತ ಯಾರಾದ್ರೂ ಹೇಳ್ಲಿ ಅಷ್ಟೇ.

ಇನ್ನೊಂದು ಮಾತು. ಕಮಿಷನರ್ ಹುದ್ದೆಯಲ್ಲಿ ಒಬ್ಬರು ಹೆಚ್ಚು ದಿನ ಇರಲ್ಲ, ಆಸಕ್ತಿ ಇರೋ ಅಧಿಕಾರಿ ವರ್ಗ ಆದ್ರೆ ಅವರು ಶುರು ಮಾಡಿದ್ದೂ ಅವರ ಹಿಂದೇನೇ ಹೋಗೋದು ನಾವು ಎಷ್ಟು ಕಡೆ ನೋಡಿಲ್ಲ! 1090 ಉಳೀತು, ಯಾಕಂದ್ರೆ ದಿನಾ ಕೂತು ಕೆಲಸ ಮಾಡೋಕೆ ಅದಕ್ಕೇ ಅಂತ ಜನ ಇದ್ರು. 2021ರಲ್ಲಿ ದೇಶಕ್ಕೆಲ್ಲ ಸೇರಿ 14567 ಅಂತ ಎಲ್ಡರ್‌ಲೈನ್ ಬಂತು, ಆ ಹೊತ್ತಿಗೆ ಬೆಂಗಳೂರು ಈ ಕೆಲಸ ಮಾಡ್ತಾ ಹತ್ತಿರ ಹತ್ತಿರ 20 ವರ್ಷ ಆಗಿತ್ತು.

ಇನ್ನು 2007ರ ವಿಷಯ. ಆಗ ಕೇಂದ್ರ ಸಾಮಾಜಿಕ ನ್ಯಾಯ ಸಚಿವೆ ಆಗಿದ್ದ ಮೀರಾ ಕುಮಾರ್ ಅವರು ತಂದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಆ ವರ್ಷದ ಕೊನೆಗೆ ಪಾಸಾಯ್ತು. ಇದರಲ್ಲಿ ಲಾಯರ್ ಬೇಡ, ಕೋರ್ಟ್ ಬೇಡ, ಉಪವಿಭಾಗಾಧಿಕಾರಿ ಅಂದ್ರೆ ನಮ್ಮ ಎಸಿ ಸಾಹೇಬ್ರೇ ನ್ಯಾಯಮಂಡಳಿ, ಅವರ ಮೇಲೆ ಅಪೀಲಿಗೆ ಡಿಸಿ. ನೋಟಿಸ್ ಹೋದ 90 ದಿನದಲ್ಲಿ ತೀರ್ಮಾನ ಆಗ್ಬೇಕು, ತೀರಾ ಅಂದ್ರೆ ಇನ್ನೊಂದು 30 ದಿನ. ಜೀವನಾಂಶ ತಿಂಗಳಿಗೆ 10,000ದವರೆಗೆ. ಎಲ್ಲಕ್ಕಿಂತ ಮುಖ್ಯವಾದದ್ದು 23ನೇ ಸೆಕ್ಷನ್, ನೋಡ್ಕೋತೀನಿ ಅನ್ನೋ ಷರತ್ತಿನ ಮೇಲೆ ಮನೆ ಬರೆಸ್ಕೊಂಡು ಆಮೇಲೆ ನೋಡ್ಕೊಳ್ದೇ ಇದ್ರೆ ಆ ಗಿಫ್ಟ್ ಡೀಡ್ ರದ್ದು ಮಾಡ್ಬೋದು. ಬೆಂಗಳೂರಲ್ಲಿ ಜನ ಎಸಿ ಆಫೀಸಿಗೆ ಹೋಗೋದು ಜಾಸ್ತಿ ಇದಕ್ಕೇ.

ಈ ಸೆಕ್ಷನ್ ಸುಪ್ರೀಂ ಕೋರ್ಟಲ್ಲೂ ಆಚೆ ಈಚೆ ಓಡಾಡಿದೆ. 2022ರ ಡಿಸೆಂಬರಲ್ಲಿ ಒಂದು ಪೀಠ, ಪತ್ರದಲ್ಲಿ ನೋಡ್ಕೋಬೇಕು ಅನ್ನೋ ಷರತ್ತು ಇರ್ಲೇಬೇಕು, ಇಲ್ಲಾಂದ್ರೆ ರದ್ದಾಗಲ್ಲ ಅಂತು, 2025ರ ಜನವರಿಯಲ್ಲಿ ಇನ್ನೊಂದು ಪೀಠ ಈ ಕಾನೂನು ಹಿರಿಯರ ಒಳ್ಳೇದಕ್ಕೆ ಇರೋದು, ಉದಾರವಾಗಿ ಓದ್ಬೇಕು ಅಂತು. ಅದಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ಮುಂಚೆ ಆ ಒಂದು ಸಾಲು ಪತ್ರದಲ್ಲಿ ಬರೆಸಿ, ಮಗ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಬೆಂಗಳೂರಿಂದಲೇ ಹೋದ ಒಂದು ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖಾನೂ ತೋರಿಸ್ತು: ಹಿರಿಯರ ಕಾಯ್ದೆ ಹಿಡ್ಕೊಂಡು ಸೊಸೆಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಿಕ್ಕಿರೋ ವಾಸದ ಹಕ್ಕನ್ನ ಕಿತ್ತುಹಾಕೋ ಹಾಗಿಲ್ಲ ಅಂತ. ಅದು ಸರಿಯಾದ ತೀರ್ಪು ಅಂತಾನೇ ನನಗನ್ಸೋದು, ಗಂಡನ ಜೊತೆ ಜಗಳ ಇರೋ ಹೆಣ್ಣುಮಗಳನ್ನ ಮನೆಯಿಂದ ಹಾಕೋಕೆ ಅತ್ತೆ ಮಾವನ ಹೆಸರು ಬಳಕೆ ಆಗ್ಬಾರ್ದು.

ದುಡ್ಡಿನ ವಿಷಯ ಬೇಗ ಹೇಳಿಬಿಡ್ತೀನಿ. ಕೇಂದ್ರದ ವೃದ್ಧಾಪ್ಯ ಪಿಂಚಣಿ 1995ರಲ್ಲಿ 75 ರೂಪಾಯಿಂದ ಶುರುವಾಗಿದ್ದು, 60ರಿಂದ 79 ವರ್ಷದೋರಿಗೆ ಕೇಂದ್ರದ ಪಾಲು ಬಹಳ ವರ್ಷದಿಂದ 200ರಲ್ಲೇ ನಿಂತಿದೆ. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400 ಇತ್ತು, 2021ರಲ್ಲಿ ಬೊಮ್ಮಾಯಿ ಅವರು 1,000 ಇದ್ದದ್ದನ್ನ 1,200 ಮಾಡಿದ್ರು. ಬೆಂಗಳೂರಲ್ಲಿ ಬಿಪಿ ಶುಗರ್ ಮಾತ್ರೆ ತಗೊಂಡ್ರೆ ಅದರಲ್ಲಿ ಎಷ್ಟು ಉಳಿಯುತ್ತೆ ಅಂತ ಮನೇಲಿ ಹಿರಿಯರು ಇರೋರಿಗೆ ಗೊತ್ತು. ಬಸ್ಸಲ್ಲಿ 60 ದಾಟಿದೋರಿಗೆ 25 ಪರ್ಸೆಂಟ್ ರಿಯಾಯಿತಿ ಇದೆ, 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಯಂದಿರಿಗೆ ಪೂರ್ತಿ ಫ್ರೀ. ರೈಲಿನ ರಿಯಾಯಿತಿ ಮಾತ್ರ 2020ರ ಮಾರ್ಚಲ್ಲಿ ಕೊರೋನಾ ಅಂತ ನಿಲ್ಸಿದ್ರು, ಕೊರೋನಾ ಹೋಯ್ತು, ರಿಯಾಯಿತಿ ವಾಪಸ್ ಬರ್ಲಿಲ್ಲ.

ಮತ್ತೆ ಎಸಿ ಆಫೀಸಿಗೇ ಬರೋಣ, ನನ್ನ ಚಿಂತೆ ಇರೋದು ಅಲ್ಲೇ. ಬೆಂಗಳೂರು ನಗರ ಜಿಲ್ಲೆಗೆ ಉತ್ತರ ದಕ್ಷಿಣ ಅಂತ ಉಪವಿಭಾಗ ಎರಡೇ. ಎಸಿ ಅಂದ್ರೆ ಜಮೀನಿನ ತಕರಾರು ಅವರ ತಲೆ ಮೇಲೆ, ಎಲೆಕ್ಷನ್ ಬಂದ್ರೆ ಅದೂ ಅವರ ತಲೆ ಮೇಲೆ, ಇದರ ಮಧ್ಯೆ ಹಿರಿಯರ ಹಿಯರಿಂಗು. ಕೆಜಿ ರಸ್ತೆಯ ಕಂದಾಯ ಭವನಕ್ಕೆ ಆಟೋ ಮಾಡ್ಕೊಂಡು ಮಂಡಿ ನೋವಿನ ಯಜಮಾನ್ರು ಬಂದು ಕೂತ್ರೆ, ಸಾಹೇಬ್ರು ಮೀಟಿಂಗಲ್ಲಿದಾರೆ ಅಂತ ಮುಂದಿನ ಡೇಟ್ ಕೊಟ್ಟು ಕಳಿಸಿದ್ರೆ, 90 ದಿನ ಅನ್ನೋ ಮಾತಿಗೆ ಏನರ್ಥ? ಅಧಿಕಾರಿ ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ಒಬ್ಬರ ಮೇಲೆ ಅಷ್ಟು ಹೊರೆ ಹಾಕಿದ್ರೆ ಯಾರಾದ್ರೂ ಏನ್ಮಾಡ್ತಾರೆ.

10,000ದ ಮಿತಿ ತೆಗೀಬೇಕು ಅಂತ 2019ರ ಡಿಸೆಂಬರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಬಂತು, ಪಾಸಾಗದೇ ಆ ಲೋಕಸಭೆಯ ಅವಧಿನೇ ಮುಗೀತು. ಅದು ದೆಹಲಿ ಕೈಲಿದೆ. ಆದ್ರೆ ಇದೇ ಕಾಯ್ದೆಯ 7ನೇ ಸೆಕ್ಷನ್ ಓದಿ, ಒಂದೊಂದು ಉಪವಿಭಾಗಕ್ಕೆ ಒಂದು ಅಥವಾ ಹೆಚ್ಚು ನ್ಯಾಯಮಂಡಳಿ ಮಾಡ್ಬೋದು ಅಂತ ರಾಜ್ಯ ಸರ್ಕಾರಕ್ಕೆ ಆಗ್ಲೇ ಅಧಿಕಾರ ಕೊಟ್ಟಿದೆ. ಎಸಿ ದರ್ಜೆಯ ಅಧಿಕಾರಿಗಳನ್ನ ಇದೊಂದೇ ಕೆಲಸಕ್ಕೆ ಹಾಕಿ, ಜಯನಗರದಲ್ಲೊಂದು, ಮಲ್ಲೇಶ್ವರದಲ್ಲೊಂದು, ವೈಟ್‌ಫೀಲ್ಡ್ ಕಡೆ ಒಂದು ಅಂತ ಕೂರಿಸೋಕೆ ಪಾರ್ಲಿಮೆಂಟಿಗೆ ಕಾಯ್ಬೇಕಿಲ್ಲ, ವಿಧಾನಸೌಧದಿಂದ ಒಂದು ಆದೇಶ ಹೊರಟ್ರೆ ಸಾಕು.