14 ಬಿಡಿಭಾಗ ಸೇರಿ ಒಂದೇ ಆದ ಎಂಜಿನ್: 3ಡಿ ಮುದ್ರಣದ ಟಿಪ್ಪಣಿ

3ಡಿ ಪ್ರಿಂಟಿಂಗ್, ಅಂದರೆ ಪದರದ ಮೇಲೆ ಪದರ ಕೂಡಿಸಿ ವಸ್ತು ಮಾಡುವ ವಿಧಾನದ ಅಧ್ಯಾಯ ಬಂದರೆ ನಾವು ವಿಧಗಳು, ಅನುಕೂಲ, ಅನಾನುಕೂಲ ಎಂದು ಉರು ಹೊಡೆದು ಮುಗಿಸುತ್ತೇವೆ. ಒಂದೇ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡಿದರೆ ಉಳಿದದ್ದು ತಾನಾಗಿ ತಲೆಯಲ್ಲಿ ನಿಲ್ಲುತ್ತದೆ. ನಾನು ಆರಿಸಿಕೊಂಡದ್ದು ಇಸ್ರೋದ ಪಿಎಸ್4 ಎಂಜಿನ್.

ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ, ಅಂದರೆ ಕೊನೆಯ ಹಂತವನ್ನು ನೂಕುವ ಎಂಜಿನ್ ಇದು. ನಿರ್ವಾತದಲ್ಲಿ ಇದರ ನೂಕುಬಲ 7.33 ಕಿಲೋನ್ಯೂಟನ್. ಹಳೆಯ ಪದ್ಧತಿಯಲ್ಲಿ ಇದನ್ನು 14 ಭಾಗಗಳಾಗಿ ಮಾಡಿ, 19 ಕಡೆ ಬೆಸುಗೆ ಹಾಕಿ ಜೋಡಿಸುತ್ತಿದ್ದರು. ಬೇಕಾಗುತ್ತಿದ್ದ ಲೋಹ 565 ಕೆ.ಜಿ. ಇಷ್ಟೂ ಲೋಹ ಎಂಜಿನ್ನಿಗೆ ಸೇರುತ್ತಿರಲಿಲ್ಲ. ಗಟ್ಟಿಯನ್ನು ಕೊರೆದು, ಕಡೆದು ಆಕಾರ ತೆಗೆಯುವಾಗ ಹೆಚ್ಚಿನ ಪಾಲು ಚೂರಾಗಿ ಕೆಳಗೆ ಉದುರುತ್ತಿತ್ತು.

ಇಸ್ರೋದ ದ್ರವ ನೋದನ ಕೇಂದ್ರದವರು ವಿನ್ಯಾಸವನ್ನು ಹೊಸದಾಗಿ ಬರೆದರು, ವಿಪ್ರೋ 3ಡಿ ಕಂಪನಿ ಅದನ್ನು ಮುದ್ರಿಸಿತು. ಈಗ ಬೇಕಾದದ್ದು 13.7 ಕೆ.ಜಿ. ಲೋಹದ ಪುಡಿ. ಭಾಗ ಒಂದೇ, ಆ 19 ಬೆಸುಗೆಗಳು ಇಲ್ಲ, ತಯಾರಿಕೆಯ ಸಮಯ ಶೇ. 60ರಷ್ಟು ಕಡಿಮೆ.

ಕೆಲಸ ನಡೆಯುವುದು ಹೀಗೆ. ನುಣ್ಣನೆಯ ಲೋಹದ ಪುಡಿಯನ್ನು ತಟ್ಟೆಯ ಮೇಲೆ ತೆಳ್ಳಗೆ ಹರಡುತ್ತಾರೆ. ಎಲ್ಲಿ ಗಟ್ಟಿ ಲೋಹ ಬೇಕೋ ಅಲ್ಲಿ ಮಾತ್ರ ಲೇಸರ್ ಓಡಿ ಪುಡಿಯನ್ನು ಕರಗಿಸುತ್ತದೆ. ತಟ್ಟೆ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಮೇಲೆ ಮತ್ತೊಂದು ಪದರ ಪುಡಿ ಬೀಳುತ್ತದೆ. ಕರಗದೆ ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸಬಹುದು.

ಇಲ್ಲಿ ಸ್ವಲ್ಪ ನಿಲ್ಲಿ, ಪರೀಕ್ಷೆಯಲ್ಲಿ ನಾವು ಎಡವುವ ಜಾಗ ಇದೇ. ಹಳೆಯ ನಕ್ಷೆಯ 14 ಭಾಗಗಳನ್ನು ಹಾಗೆ ಹಾಗೇ ಮುದ್ರಿಸಿದ್ದರೆ ಮತ್ತೆ 19 ಬೆಸುಗೆ ಹಾಕಬೇಕಿತ್ತು, ಲಾಭ ಅಷ್ಟಕ್ಕಷ್ಟೆ. ಲೇತ್, ಡ್ರಿಲ್ ಕಾಲದ ವಿನ್ಯಾಸಕಾರರು ಪ್ರತಿ ಗೆರೆ ಎಳೆಯುವಾಗಲೂ "ಉಳಿ ಇಲ್ಲಿಗೆ ಹೋಗುತ್ತದಾ?" ಎಂದು ಕೇಳಿಕೊಳ್ಳಬೇಕಿತ್ತು. ಡ್ರಿಲ್ ನೇರ ಹೋಗುತ್ತದೆ; ಗೋಡೆಯ ಒಳಗೊಳಗೇ ಬಳುಕುವ ಕಾಲುವೆಯನ್ನು ಅದು ಕೊರೆಯಲಾರದು. ಲೇಸರ್‌ಗೆ ಆ ತೊಡಕಿಲ್ಲ. ಆದರೆ ಅದರ ಕಟ್ಟುಪಾಡು ಬೇರೆ: ಒಳಗೆ ಸಿಕ್ಕಿಕೊಂಡ ಪುಡಿ ಹೊರಬರಲು ದಾರಿ ಇರಬೇಕು, ಸುಮಾರು 45 ಡಿಗ್ರಿಗಿಂತ ಹೆಚ್ಚು ಹೊರಚಾಚಿದ ಭಾಗಕ್ಕೆ ಊರುಗೋಲು, ಅಂದರೆ ಸಪೋರ್ಟ್, ಬೇಕು. ಈ ಹೊಸ ಕಟ್ಟುಪಾಡುಗಳೊಳಗೆ ಯೋಚಿಸುವುದಕ್ಕೇ 'ಡಿಸೈನ್ ಫಾರ್ ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್', ಅಂದರೆ 3ಡಿ ಮುದ್ರಣಕ್ಕೆ ತಕ್ಕ ವಿನ್ಯಾಸ, ಎನ್ನುವುದು.

ಇದು ನನಗೆ ಕೈಯಾರೆ ಅರ್ಥವಾದದ್ದು ಒಂದು ಕೊಕ್ಕೆಯಿಂದ. ಲ್ಯಾಬಿನ ಸಣ್ಣ ಪ್ರಿಂಟರಿನಲ್ಲಿ ಲೇಸರ್ ಇಲ್ಲ, ಅದು ಪ್ಲಾಸ್ಟಿಕ್ ದಾರವನ್ನು ಬಿಸಿಮಾಡಿ ಪದರ ಪದರವಾಗಿ ಎಳೆಯುತ್ತದೆ. ಅದಕ್ಕೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನ ದಾರ ಹಾಕಿ, ಕೊಕ್ಕೆಯನ್ನು ನಿಲ್ಲಿಸಿ ಮುದ್ರಿಸಿದೆ. ಬ್ಯಾಗು ತೂಗುಹಾಕಿದ ಕೂಡಲೇ ಪದರದ ಗೆರೆಗುಂಟ ಚಟ್ಟನೆ ಮುರಿಯಿತು. ಅದೇ ಫೈಲು, ಅದೇ ಪ್ಲಾಸ್ಟಿಕ್, ಈ ಸಲ ಮಲಗಿಸಿ ಮುದ್ರಿಸಿದೆ. ಅದು ಇನ್ನೂ ಅದೇ ಬ್ಯಾಗನ್ನು ಹೊತ್ತಿದೆ. ಎರಡು ಪದರಗಳ ನಡುವಿನ ಅಂಟು ದುರ್ಬಲ, ಒಂದೇ ಪದರದಲ್ಲಿ ಎಳೆದ ದಾರ ಗಟ್ಟಿ. ಮಲಗಿಸಿದಾಗ ದಾರ ಕೊಕ್ಕೆಯ ಬಾಗಿನ ಉದ್ದಕ್ಕೂ ಹರಿಯುತ್ತದೆ.

ಇತಿಹಾಸ ಚಿಕ್ಕದಾಗಿ: ಅಮೆರಿಕದ ಚಕ್ ಹಲ್ 1983ರಲ್ಲಿ ಬೆಳಕಿನಿಂದ ದ್ರವವನ್ನು ಪದರ ಪದರವಾಗಿ ಗಟ್ಟಿಮಾಡಿದರು, 1986ರಲ್ಲಿ ಪೇಟೆಂಟ್ ಸಿಕ್ಕಿತು. ಬಿಸಿ ಪ್ಲಾಸ್ಟಿಕ್ ದಾರ ಎಳೆಯುವ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಅಗ್ಗದ ಯಂತ್ರಗಳು ಮೇಜಿನ ಮೇಲೆ ಬಂದವು.

ಮತ್ತೆ ಎಂಜಿನ್ನಿಗೆ ಬರೋಣ. ಹೀಗೆ ಮುದ್ರಿಸಿದ ಎಂಜಿನ್ನಿಗೆ ಉರಿಸಿ ನೋಡುವುದೇ ದೊಡ್ಡ ಪರೀಕ್ಷೆ. ಮೊದಲು ನಾಲ್ಕು ಸಲ, ಒಟ್ಟು 74 ಸೆಕೆಂಡು ಉರಿಸಿದರು. 2024ರ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಹೊತ್ತಿಸಿದ ಎಂಜಿನ್ 665 ಸೆಕೆಂಡು, ಅಂದರೆ ಹನ್ನೊಂದು ನಿಮಿಷ ಮೀರಿ, ಉರಿಯಿತು.